ಅಟ್ಟಕ್ಕೆ ಹಾಕಿದ ಸ್ಕ್ಯಾನುಗಳು

ಅಕ್ಕ ಹೊನ್ನವಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದಳು. ತಿಪಟೂರಿನ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಶಟರ್ ಎತ್ತಿಸಲು ನಾನು ಹೋದಾಗ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಭಾವ. ಭಾವನ ಕೈಯಲ್ಲಿ ಜವಳಿ ಅಂಗಡಿಯ ಚೀಲ, ಅದರೊಳಗೆ ತುಮಕೂರಿನ ಡಾಕ್ಟರು ಬರೆದುಕೊಟ್ಟ ಕಾಗದಗಳು, ಅಲ್ಲಿ ತೆಗೆಸಿದ ಹೊಸ ಸ್ಕ್ಯಾನಿನ ಸೀಡಿ. ಅಕ್ಕ ಕೆಮ್ಮಲಿಲ್ಲ. ತಿಂಗಳುಗಟ್ಟಲೆ ಕೆಮ್ಮುತ್ತಿದ್ದವಳು ಅವತ್ತು ಹಟ ಹಿಡಿದವಳ ಹಾಗೆ ಕೆಮ್ಮನ್ನು ತಡೆದುಕೊಂಡು ಕೂತಿದ್ದಳು.

“ಏನಂದ್ರು ಡಾಕ್ಟ್ರು?” ಎಂದೆ.

“ಎದೆಯೊಳ್ಗೆ ಎಡಗಡೆ ಗಂಟೈತಂತೆ,” ಎಂದರು ಭಾವ. “ಸೋಮ್ವಾರ ಕೊಯ್ದು ತೆಗೀತೀವಿ ಅಂದವ್ರೆ. ಆದ್ರೆ ಒಂದು ಮಾತೂ ಹೇಳವ್ರೆ. ಕೊರೊನಾ ಟೈಮಲ್ಲಿ ನಿಮ್ಮಲ್ಲೇ ಒಂದು ಸ್ಕ್ಯಾನ್ ಆಗಿತ್ತಲ್ಲ, ಅದನ್ನ ತಗೊಂಬನ್ನಿ ಅಂದ್ರು. ಆ ಗಂಟು ಆವಾಗ್ಲೇ ಇದ್ದು, ಇಷ್ಟೇ ಇದ್ದಿದ್ರೆ ಆಪ್ರೇಷನ್ ಬ್ಯಾಡ್ವಂತೆ. ಇಷ್ಟು ವರ್ಷ ಬೆಳೀದೇ ಇರೋದು ಇನ್ನೇನು ಬೆಳೀತೈತೆ ಅಂದ್ರು. ಹೊಸದಾದ್ರೆ ಮಾತ್ರ ಬುಡಂಗಿಲ್ವಂತೆ.”

ಅವತ್ತು ಶುಕ್ರವಾರ.

“ನಿಮಗೆ ಸೀಡಿ ಕೊಟ್ಟಿದ್ವಲ್ಲ ಭಾವ, ಅದೆಲ್ಲಿ?”

ಭಾವ ನೆಲ ನೋಡಿದರು. ಅಕ್ಕನೇ ಬಾಯಿ ಬಿಟ್ಟಳು. “ನಿಮ್ ಭಾವ ಅದನ್ನ ಅವರೆ ಸಾಲಿಗೆ ಕಟ್ಟವ್ರೆ ಕಣೇ. ನವಿಲು ಹೆದರ್ಕಳ್ಲಿ ಅಂತ.”

ನಮ್ಮ ಕಡೆ ತೋಟಗಳಲ್ಲಿ ಇದು ಮಾಮೂಲು. ತೆಂಗಿನ ಸಾಲಿನ ನಡುವೆ ಅವರೆಯೋ ಅಲಸಂದೆಯೋ ಹಾಕಿದರೆ ನವಿಲು ಹಿಂಡಾಗಿ ಬಂದು ಮುಗಿಸಿಹಾಕುತ್ತವೆ. ದಾರಕ್ಕೆ ಸೀಡಿ ಪೋಣಿಸಿ ಕಡ್ಡಿಗೆ ಕಟ್ಟಿದರೆ ಬಿಸಿಲಿಗೆ ಮಿರಮಿರ ಮಿಂಚುತ್ತದೆ. ಮದುವೆ ಸೀಡಿ, ಭಜನೆ ಸೀಡಿ, ಸ್ಕ್ಯಾನಿನ ಸೀಡಿ, ಎಲ್ಲವೂ ಕೊನೆಗೆ ಅಲ್ಲಿಗೇ ಬರುತ್ತವೆ. ಅಕ್ಕನ ಎದೆಯ ಚಿತ್ರ ಎರಡು ಮಳೆಗಾಲ, ಎರಡು ಬೇಸಿಗೆ ಅಲ್ಲಿ ನೇತಾಡಿ ಬೆಳ್ಳಗಾಗಿ ಹೋಗಿತ್ತು. ಫಿಲಮ್ಮನ್ನು ಯಾವುದೋ ಆಸ್ಪತ್ರೆಗೆ ತೋರಿಸಲು ಹೋದಾಗ ಅಲ್ಲೇ ಬಿಟ್ಟು ಬಂದಿದ್ದರು.

“ನವಿಲಾದ್ರೂ ಹೆದರ್ತವಾ?” ಎಂದು ಕೇಳಿದೆ.

“ಎಲ್ಲಿ? ಅದರ ಪಕ್ಕದಲ್ಲೇ ನಿಂತ್ಕಂಡು ಕಾಯಿ ತಿಂತವೆ.”

ಮೂವರೂ ನಕ್ಕೆವು. ನಾನು ಅಕ್ಕನ ಭುಜ ತಟ್ಟಿದೆ. “ಅಷ್ಟೇ ತಾನೇ? ನನ್ ಹತ್ರ ಐತೆ ಬುಡಕ್ಕ. ಒಂದ್ ಕಾಫಿ ಕುಡಿಯೋದ್ರೊಳ್ಗೆ ತೆಕ್ಕೊಡ್ತೀನಿ.” ಅಷ್ಟು ಧೈರ್ಯವಾಗಿ ಹೇಳಿದ್ದೆ. ಆ ಮಾತನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನಾನು ಈ ಸೆಂಟರಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಸ್ಕ್ಯಾನ್ ತೆಗೆಯುವವಳೂ ಅಲ್ಲ, ಅದನ್ನು ಓದುವವಳೂ ಅಲ್ಲ. ತೆಗೆದದ್ದನ್ನು ಜೋಪಾನವಾಗಿ ಇಡುವುದು ನನ್ನ ಕೆಲಸ. ಒಂದೊಂದು ಸ್ಕ್ಯಾನಿಗೂ ನೂರಾರು ಚಿತ್ರ. ಅವನ್ನೆಲ್ಲ ದಿನ ಬಳಸುವ ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಒಂದು ತಿಂಗಳಿಗೇ ಅದರ ಹೊಟ್ಟೆ ತುಂಬುತ್ತದೆ. ಆದ್ದರಿಂದ ತಿಂಗಳು ಮುಗಿದ ಕೂಡಲೇ ಆ ತಿಂಗಳ ಸ್ಕ್ಯಾನುಗಳನ್ನೆಲ್ಲ ಒಂದೇ ಮೂಟೆ ಕಟ್ಟಿ ದೊಡ್ಡ ಡಿಸ್ಕಿಗೆ ಹಾಕುತ್ತೇನೆ. ಮೂಟೆ ಕಟ್ಟುವುದಕ್ಕೆ ಟಾರ್ ಎಂಬ ಹಳೆಯ ಕಾಲದ ತಂತ್ರಾಂಶ. ಅದಕ್ಕೆ ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಆಜ್ಞೆ ಬರೆದು ಎಂಟರ್ ಒತ್ತಬೇಕು. ಮೂಟೆ ಕಟ್ಟು ಅಂದರೆ ಕಟ್ಟುತ್ತದೆ, ಇಂಥದ್ದನ್ನು ಹೊರಗೆ ತೆಗೆ ಅಂದರೆ ತೆಗೆಯುತ್ತದೆ.

ನಾನು ಈ ಕೆಲಸ ಕಲಿತದ್ದು ಕಾಲೇಜಿನಲ್ಲಾದರೂ ಇಡುವ ಬುದ್ಧಿ ಕಲಿತದ್ದು ನಮ್ಮಪ್ಪನ ಅಟ್ಟದಲ್ಲಿ. ಉಂಡೆ ಕೊಬ್ಬರಿ ಮಾಡುವವರ ಮನೆ ನಮ್ಮದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಅದರ ತಂಟೆಗೆ ಹೋಗುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ತಾನಾಗಿ ಚಿಪ್ಪು ಬಿಡಬೇಕು. ಅಟ್ಟ ಹತ್ತಿ ಕಾಯಿ ಎಳೆದಾಡಿದರೆ ಅಪ್ಪ ಬೆನ್ನು ಮುರಿಯುತ್ತಿದ್ದರು. ಅನುಮಾನ ಬಂದರೆ ಒಂದನ್ನು ಎತ್ತಿ, ಕೈಯಲ್ಲಿ ತೂಕ ನೋಡಿ, ಕಿವಿಯ ಹತ್ತಿರ ಅಲ್ಲಾಡಿಸಿ, ಇದ್ದಲ್ಲೇ ಇಡಬೇಕು. ಒಡೆದು ನೋಡಿದರೆ ಆ ಕಾಯಿ ಹೋದ ಹಾಗೇ.

ನಾನೂ ಹಾಗೇ ಮಾಡುತ್ತಿದ್ದೆ. ಮೂಟೆ ಕಟ್ಟಿ ಡಿಸ್ಕಿಗೆ ಹಾಕುವುದು, ಆಮೇಲೆ ಮುಟ್ಟದಿರುವುದು. ಕಳೆದ ಬೇಸಿಗೆಯ ಸಿಡಿಲಿಗೆ ನಮ್ಮ ಹಳೆಯ ಕಂಪ್ಯೂಟರ್ ಸುಟ್ಟುಹೋಯಿತು. ಡಿಸ್ಕು ದೇವರ ದಯದಿಂದ ಉಳಿದಿತ್ತು. ಹೊಸ ಕಂಪ್ಯೂಟರ್ ಬಂತು, ಅದರಲ್ಲಿ ಎಲ್ಲವೂ ಹೊಸದು, ಟಾರ್ ಕೂಡ ಹೊಸ ಆವೃತ್ತಿ. ಮೂಟೆಗಳನ್ನೆಲ್ಲ ಅದರ ದೊಡ್ಡ ಡಿಸ್ಕಿಗೆ ಸಾಗಿಸಿ, ಒಂದೊಂದರ ಗಾತ್ರವನ್ನೂ ಹಳೆಯದರ ಪಕ್ಕ ಇಟ್ಟು ನೋಡಿದೆ. ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ತೂಕ ಸರಿಯಾಗಿದೆ ಎಂದುಕೊಂಡೆ. ಒಂದನ್ನಾದರೂ ಬಿಚ್ಚಿ ನೋಡೋಣ ಎಂದು ನನಗೆ ಹೊಳೆಯಲೇ ಇಲ್ಲ.

ನಮ್ಮ ಕೌಂಟರಿನಲ್ಲಿ ಕೂರುವ ಹೆಂಗಸು ನನಗಿಂತ ದೊಡ್ಡವರು, ಅಮ್ಮಸಂದ್ರದ ಕಡೆಯವರು. ಅವರಿಗೆ ಸುಲಭವಾಗಲಿ ಎಂದು ಹಳೆಯ ಕಂಪ್ಯೂಟರಿನ ಕಾಲದಲ್ಲೇ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಿದ್ದೆ, ಹೊಸದಕ್ಕೂ ಅದನ್ನೇ ಹಾಕಿದ್ದೆ. ಅವರು ರೋಗಿಯ ನಂಬರು ಒತ್ತಿದರೆ ಸಾಕು, ಅದು ಟಾರನ್ನು ಕರೆದು ಮೂಟೆಯಿಂದ ಸ್ಕ್ಯಾನ್ ತೆಗೆಸುತ್ತಿತ್ತು. ಅಕ್ಕನ ನಂಬರನ್ನು ಅವರು ಒತ್ತಿದರು. ನಾನು ಅಕ್ಕನಿಗೆ ಕಾಫಿ ಬಗ್ಗಿಸುತ್ತಿದ್ದೆ.

“ದಾಖಲೆ ಇಲ್ಲ ಅಂತ ಬತ್ತಾ ಐತೆ ಮೇಡಂ.”

“ನಂಬರ್ ತಪ್ಪೊತ್ತಿದೀರಾ, ಇನ್ನೊಂದ್ಸಲ ನೋಡಿ.”

“ಎರಡು ಸಲ ಒತ್ತಿದೆ ಕಣ್ರೀ. ಆವತ್ತೂ ಒಬ್ರಿಗೆ ಹಿಂಗೇ ಬಂದಿತ್ತಲ್ಲ…”

“ಆವತ್ತಿಂದು ಈಗ್ಯಾಕೆ? ಸರೀರಿ ಆಕಡೆ,” ಎಂದು ರೇಗಿ, ಅವರನ್ನು ಎಬ್ಬಿಸಿ ನಾನೇ ಕೂತೆ. ನಂಬರು ಒತ್ತಿದೆ. ದಾಖಲೆ ಇಲ್ಲ. ತಿಂಗಳು ತಪ್ಪಿರಬಹುದೆಂದು ಹಿಂದಿನ ತಿಂಗಳ ಮೂಟೆ ನೋಡಿದೆ, ಮುಂದಿನದನ್ನು ನೋಡಿದೆ. ಇಲ್ಲ, ಇಲ್ಲ.

ಅಕ್ಕ ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖ ಅವಳಿಗೆ ಪುಸ್ತಕವಿದ್ದ ಹಾಗೆ, ಚಿಕ್ಕಂದಿನಿಂದ ಓದಿದವಳು.

“ಸಿಗ್ಲಿಲ್ವಾ?”

“ಸಿಗುತ್ತೆ ಇರಕ್ಕ. ಇದು ಹೊಸ ಮಿಷನ್ನು, ಸ್ವಲ್ಪ ಮೊಂಡು.”

“ನೀನು ಸಣ್ಣವಳಿದ್ದಾಗ್ಲೂ ಹಿಂಗೇ. ಜಡೆ ಕುಚ್ಚು ಎಲ್ಲಿಟ್ಟೆ ಅಂದ್ರೆ, ಐತೆ ಬುಡು ಅನ್ನೋಳು. ಇರ್ತಿರ್ಲಿಲ್ಲ.” ತಮಾಷೆಗೇ ಹೇಳಿದಳು. ಆದರೆ ಹೇಳಿ ಮುಗಿಸುವಷ್ಟರಲ್ಲಿ ತಡೆದಿಟ್ಟ ಕೆಮ್ಮು ಒತ್ತರಿಸಿ ಬಂತು. ಭಾವ ಬೆನ್ನು ನೀವಿದರು. ಆ ಕೆಮ್ಮು ನಿಲ್ಲುವವರೆಗೂ ನಾನು ಕೀಬೋರ್ಡ್ ಮುಟ್ಟಲಿಲ್ಲ, ಮುಟ್ಟಲು ಆಗಲಿಲ್ಲ.

ನನಗೆ ಹೆದರಿಕೆಯಾದರೆ ಮೊದಲು ಸಿಟ್ಟು ಬರುತ್ತದೆ. ಕಂಪ್ಯೂಟರನ್ನು ಬೈದೆ, ಸಿಡಿಲನ್ನು ಬೈದೆ, ನವಿಲನ್ನೂ ಭಾವನನ್ನೂ ಮನಸ್ಸಿನಲ್ಲೇ ಬೈದೆ. ಬೈಗುಳ ಮುಗಿದ ಮೇಲೆ ಹೆದರಿಕೆ ಮಾತ್ರ ಉಳಿಯಿತು. ಡಿಸ್ಕು ಸಿಡಿಲಿಗೆ ಪೆಟ್ಟು ತಿಂದಿದ್ದರೆ? ಸಾಗಿಸುವಾಗ ಮೂಟೆಯೊಳಗೆ ಕೆಟ್ಟಿದ್ದರೆ? ಹೊರಗಿನಿಂದ ಗಾತ್ರವೆಲ್ಲ ಸರಿಯಿದ್ದು ಒಳಗೆ ಕೊಳೆತ ಕಾಯಿಗಳನ್ನು ಎಷ್ಟು ನೋಡಿಲ್ಲ ನಾನು! ಒಡೆದಾಗ ಹಳ್ಳಿಯೆಲ್ಲ ನಾರುವಂಥವು. ಆ ಮೂಟೆಯ ಇನ್ನೊಂದು ಪ್ರತಿ ಇದ್ದ ಹಳೆಯ ಡಿಸ್ಕನ್ನು ಆಗಲೇ ಅಳಿಸಿ ಬೇರೆ ಕೆಲಸಕ್ಕೆ ಹಾಕಿದ್ದೆ. ಇದೂ ಇಲ್ಲವೆಂದರೆ ಅಕ್ಕನ ಹಳೆಯ ಎದೆ ಭೂಮಿಯ ಮೇಲೆ ಎಲ್ಲೂ ಇಲ್ಲ. ಸೋಮವಾರ ಅವಳ ಪಕ್ಕೆ ಸೀಳುತ್ತಾರೆ, ಅದೂ ಬೇಕಿತ್ತೋ ಬೇಡವಾಗಿತ್ತೋ ಯಾರಿಗೂ ಗೊತ್ತಾಗದ ಹಾಗೆ.

ಭಾವ ಹತ್ತಿರ ಬಂದು ಮೆಲ್ಲಗೆ, “ಇಲ್ದಿದ್ರೆ ಇಲ್ಲ ಅಂತ ಹೇಳ್ಬುಡವ್ವ, ಅವರು ಕೊಯ್ಲಿ. ನಿಮ್ಮಕ್ಕನ್ನ ಸುಮ್ನೆ ಆಸೆ ಮೇಲೆ ಕೂರಿಸ್ಬ್ಯಾಡ,” ಎಂದರು. ಭಾವ ಯಾವತ್ತೂ ನನಗೆ ಹಾಗೆ ಬುದ್ಧಿ ಹೇಳಿದವರಲ್ಲ. ಅವರ ಕಣ್ಣು ಕೆಂಪಾಗಿತ್ತು.

“ಇನ್ನೂ ಒಂದು ದಾರಿ ಐತೆ ಭಾವ,” ಎಂದೆ. ಪ್ರೋಗ್ರಾಂ ಬಿಟ್ಟು ನಾನೇ ಕಪ್ಪು ಪರದೆ ತೆರೆದೆ. ಇಂಥದ್ದನ್ನು ತೆಗೆ ಎನ್ನುವ ಬದಲು, ಮೂಟೆಯಲ್ಲಿ ಏನೇನಿದೆ ಎಲ್ಲ ಹೆಸರು ಓದಿ ಹೇಳು ಎಂದು ಟಾರಿಗೆ ಹೇಳಬಹುದು. ಅದಕ್ಕೆ ಹೊತ್ತು ಹಿಡಿಯುತ್ತದೆ, ಮೂಟೆಯನ್ನು ತಲೆಯಿಂದ ಬುಡದವರೆಗೆ ಓದಬೇಕು. ಅಕ್ಕನದು ಕೊರೊನಾ ಎರಡನೇ ಅಲೆಯ ತಿಂಗಳ ಮೂಟೆ, ಎಲ್ಲಕ್ಕಿಂತ ದೊಡ್ಡದು. ಆ ತಿಂಗಳು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಅರ್ಧ ಜನ ನಮ್ಮ ಮಿಷನ್ನಿನ ಮೇಲೆ ಮಲಗಿ ಎದ್ದಿದ್ದರು. ಹೊರಗೆ ರಸ್ತೆಯುದ್ದಕ್ಕೂ ಟೆಂಪೊ, ಆಟೋ, ಟ್ರ್ಯಾಕ್ಟರ್ ನಿಂತಿರುತ್ತಿದ್ದವು. ಅವರಲ್ಲಿ ಎಷ್ಟೋ ಜನ ಈಗಿಲ್ಲ.

ಎಂಟರ್ ಒತ್ತಿದೆ. ಹೆಸರುಗಳು ಒಂದರ ಕೆಳಗೊಂದು ಬರತೊಡಗಿದವು. ಗೊತ್ತಿದ್ದ ಹೆಸರುಗಳು, ಗೊತ್ತಿಲ್ಲದ ಹೆಸರುಗಳು. ಕನಿಷ್ಠ ಮೂಟೆ ಬದುಕಿದೆ ಎಂದು ಸ್ವಲ್ಪ ಉಸಿರು ಬಂತು. ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಒಂದು ಸಲ ಕೀಚ್ ಎಂದು ಸುಮ್ಮನಾಯಿತು.

“ಥೂ ನಿನ್ನ!” ಎಂದು ಮೇಜಿಗೆ ಗುದ್ದಿದೆ. ಕಾಯುತ್ತ ಕೂತಿದ್ದವರೆಲ್ಲ ತಿರುಗಿ ನೋಡಿದರು. ಜನರೇಟರ್ ಶುರುವಾಗುವ ತನಕ ನಾನು ಮಾಡುತ್ತಿದ್ದದ್ದು ಒಂದೇ, ಶಿವ ಶಿವಾ ಎಂದುಕೊಳ್ಳುವುದು. ಓದುತ್ತಿರುವಾಗ ಕರೆಂಟು ಹೋದರೆ ಡಿಸ್ಕಿಗೆ ಏನಾದರೂ ಆಗುವುದುಂಟು. ಪುನಃ ಕಂಪ್ಯೂಟರ್ ಹತ್ತಿಕೊಂಡು ಡಿಸ್ಕು ಕಾಣಿಸಿಕೊಳ್ಳುವವರೆಗೂ ನನ್ನ ಜೀವ ಬಾಯಲ್ಲಿತ್ತು. ಕಾಣಿಸಿತು. ಮೊದಲಿನಿಂದ ಓದಿಸಿದೆ.

ಅಕ್ಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಪರದೆ ನೋಡುತ್ತ, “ಇವೆಲ್ಲ ಜನರ ಎದೆಗಳಾ?” ಎಂದಳು.

“ಹೂಂ.”

“ಇಷ್ಟೊಂದಾ? ಇಷ್ಟರಲ್ಲಿ ನಂದು ಕಾಣ್ದೇ ಹೋದ್ರೆ ನಿಂದೇನೂ ತಪ್ಪಿಲ್ಲ ಬುಡೇ.”

“ಸುಮ್ನಿರಕ್ಕ,” ಎಂದೆ. ಅವಳು ನನ್ನ ಮೊಣಕೈ ಹಿಡಿದುಕೊಂಡಳು. ಅವಳ ಕೈ ತಣ್ಣಗಿತ್ತು. ಹೆದರಿದ್ದು ನಾನೊಬ್ಬಳೇ ಅಲ್ಲ ಎಂದು ಆಗ ಗೊತ್ತಾಯಿತು.

ಹಾಗೇ ಕೂತು ನೋಡಿದೆವು. ಊಟದ ಹೊತ್ತು ಮೀರಿತು. ಕೌಂಟರಿನವರು ತಮ್ಮ ಡಬ್ಬಿಯ ರಾಗಿರೊಟ್ಟಿ ತಂದಿಟ್ಟರು, ಯಾರೂ ಮುಟ್ಟಲಿಲ್ಲ. ಅಕ್ಕನೇ ಮೊದಲು ಕಂಡದ್ದು. “ಏಯ್, ಅದು ನನ್ನ ಹೆಸರಲ್ವೇನೇ?” ಎಂದು ಕೂಗಿ ಪರದೆಗೆ ಬೆರಳಿಟ್ಟಳು. ಅಷ್ಟರಲ್ಲಿ ಹೆಸರು ಮೇಲಕ್ಕೆ ಓಡಿಹೋಗಿತ್ತು. ನಿಲ್ಲಿಸಿ, ಹಿಂದಕ್ಕೆ ಸರಿಸಿ ನೋಡಿದೆ. ಅದೇ ನಂಬರು, ಅದೇ ಹೆಸರು, ಅದೇ ತಿಂಗಳು. ಅಲ್ಲೇ ಇತ್ತು, ನಾನು ಇಟ್ಟ ಕಡೆಯೇ.

ಹಾಗಾದರೆ ದಾಖಲೆ ಇಲ್ಲ ಎಂದದ್ದು ಯಾಕೆ?

ಪ್ರೋಗ್ರಾಂ ಒಳಗೆ ನಾನು ಬರೆದಿದ್ದ ಅದೇ ಆಜ್ಞೆಯನ್ನು ಈಗ ಕೈಯಾರೆ ಬರೆದು ಒತ್ತಿದೆ. ಈ ಸಲ ಟಾರ್ ಬಾಯಿಬಿಟ್ಟು ಮಾತಾಡಿತು. ನೀನು ಹೆಸರಿನಲ್ಲಿ ಸ್ಟಾರ್ ಗುರುತು ಬಳಸಿದ್ದೀಯ, ಅದನ್ನು ಗುರುತು ಎಂದು ತಿಳಿಯಬೇಕಾದರೆ ನನಗೆ ಬೇರೆಯಾಗಿ ಹೇಳಬೇಕು ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಅದರ ಕೆಳಗೆ, ಸಿಗಲಿಲ್ಲ ಎಂದೂ ಇತ್ತು.

ವಿಷಯ ಇಷ್ಟೇ. ಮೂಟೆಯಲ್ಲಿ ಒಂದೊಂದು ಸ್ಕ್ಯಾನಿನ ಹೆಸರೂ ಉದ್ದ: ದಿನ, ನಂಬರು, ರೋಗಿಯ ಹೆಸರು ಎಲ್ಲ ಸೇರಿರುತ್ತದೆ. ಕೌಂಟರಿನಲ್ಲಿ ಗೊತ್ತಿರುವುದು ನಂಬರು ಮಾತ್ರ. ಅದಕ್ಕೆ ನಾನು ನಂಬರಿನ ಹಿಂದೊಂದು ಮುಂದೊಂದು ಸ್ಟಾರ್ ಹಾಕಿದ್ದೆ. ಹಿಂದೆ ಮುಂದೆ ಏನಾದರೂ ಇರಲಿ, ನಡುವೆ ಈ ನಂಬರು ಇದ್ದರೆ ತೆಗೆ ಎಂದು ಅದರ ಅರ್ಥ. ಹಳೆಯ ಟಾರಿಗೆ ಅದು ತಾನಾಗಿ ತಿಳಿಯುತ್ತಿತ್ತು. ಹೊಸ ಆವೃತ್ತಿಯಲ್ಲಿ ಆ ರೂಢಿ ತೆಗೆದುಹಾಕಿದ್ದಾರೆ. ಅದು ಸ್ಟಾರನ್ನು ಸ್ಟಾರೇ ಎಂದು ತಿಳಿಯುತ್ತದೆ. ಹೆಸರಿನಲ್ಲಿ ನಿಜವಾಗಿ ಸ್ಟಾರ್ ಇರುವ ಸ್ಕ್ಯಾನನ್ನು ಹುಡುಕುತ್ತದೆ. ಅಂಥದ್ದು ಎಲ್ಲಿಂದ ಬರಬೇಕು? ಸಿಗಲಿಲ್ಲ ಎನ್ನುತ್ತದೆ. ಅದೇ ಮೂಟೆ, ಅದೇ ಆಜ್ಞೆ, ಅಕ್ಷರ ವ್ಯತ್ಯಾಸವಿಲ್ಲ. ಕೇಳಿಸಿಕೊಳ್ಳುವವರು ಬದಲಾಗಿದ್ದರು.

ಆ ಬದಲಾವಣೆ ಮೊನ್ನೆ ಮೊನ್ನೆಯದೂ ಅಲ್ಲ. ಮಾಡಿ ಬಹಳ ವರ್ಷಗಳೇ ಆಗಿವೆ ಎಂದು ಆಮೇಲೆ ಓದಿ ತಿಳಿದೆ. ನಮ್ಮ ಸುಟ್ಟುಹೋದ ಡಬ್ಬ ಅಷ್ಟು ಹಳೆಯದಾಗಿತ್ತು, ಅಷ್ಟೆ. ಕೆಲಸ ನಡೆಯುತ್ತಿದೆಯಲ್ಲ, ಯಾಕೆ ಮುಟ್ಟಬೇಕು ಎಂದು ಅದನ್ನು ಹಾಗೇ ಬಿಟ್ಟಿದ್ದೆವು.

ಹೊಸ ಟಾರ್ ಎಚ್ಚರಿಕೆಯನ್ನೇನೋ ಮೊದಲ ದಿನದಿಂದಲೇ ಕೊಡುತ್ತಿತ್ತು. ಅದರ ಬಾಯಿ ಮುಚ್ಚಿದವಳು ನಾನು. ಹಳೆಯ ಕಂಪ್ಯೂಟರಿನಲ್ಲಿ ಸ್ಕ್ಯಾನ್ ತೆಗೆಯುವಾಗಲೆಲ್ಲ ಟಾರ್ ಒಂದು ಸಾಲು ಗೊಣಗುತ್ತಿತ್ತು: ಹೆಸರಿನ ಮುಂದಿನ ಸ್ಲ್ಯಾಶ್ ಎಂಬ ಓರೆಗೆರೆಯನ್ನು ರಿಮೂವ್ ಮಾಡುತ್ತಿದ್ದೇನೆ ಎಂದು. ಏನೂ ಅಪಾಯವಿಲ್ಲದ ಮಾತು. ಆದರೆ ಕೌಂಟರಿನವರು ಆ ರಿಮೂವ್ ಎಂಬುದೊಂದನ್ನು ಓದಿ ಗಾಬರಿಯಾಗಿ, “ಮೇಡಂ, ಬೇಗ ಬನ್ನಿ, ಏನೋ ಅಳಿಸ್ತಾ ಐತೆ!” ಎಂದು ದಿನಕ್ಕೊಂದು ಸಲ ಫೋನ್ ಮಾಡುತ್ತಿದ್ದರು. ಊಟಕ್ಕೆ ಕೂತಾಗ, ಸ್ನಾನಕ್ಕೆ ಹೊರಟಾಗ. ತಲೆ ಕೆಟ್ಟು, ಟಾರ್ ಏನು ಗೊಣಗಿದರೂ ಪರದೆಗೆ ಬರದ ಹಾಗೆ ಮಾಡಿ, ಸಿಕ್ಕಿದರೆ ‘ಸಿಕ್ಕಿದೆ’, ಇಲ್ಲದಿದ್ದರೆ ‘ದಾಖಲೆ ಇಲ್ಲ’ ಎಂದು ಎರಡೇ ಉತ್ತರ ಇಟ್ಟಿದ್ದೆ. ಎಲ್ಲರಿಗೂ ನೆಮ್ಮದಿಯಾಗಿತ್ತು.

ಸ್ಟಾರನ್ನು ಗುರುತೆಂದೇ ತಿಳಿ ಎಂದು ಟಾರಿಗೆ ಬೇರೆಯಾಗಿ ಹೇಳಿ ಎಂಟರ್ ಒತ್ತಿದೆ. ಅಕ್ಕನ ಸ್ಕ್ಯಾನ್ ಹೊರಗೆ ಬಂತು. ಚಿತ್ರಗಳ ಜೊತೆ ಆಗಿನ ವರದಿಯೂ ಇತ್ತು. ತಡೆಯಲಾರದೆ ಓದಿದೆ. ಕೊರೊನಾ ಎಷ್ಟು ಹಬ್ಬಿದೆ ಎಂಬುದಷ್ಟೇ ಇತ್ತು, ಗಂಟಿನ ಸುದ್ದಿಯೇ ಇರಲಿಲ್ಲ. ಇಷ್ಟು ಒದ್ದಾಡಿ ತೆಗೆದದ್ದು, ಗಂಟು ಹೊಸದು ಎಂದು ಹೇಳುವುದಕ್ಕಾ? ಅಕ್ಕನಿಗೆ ವರದಿ ತೋರಿಸಲಿಲ್ಲ.

ನಮ್ಮ ಸ್ಕ್ಯಾನ್ ಓದುವ ಡಾಕ್ಟರು ಬರುವುದು ಮಧ್ಯಾಹ್ನದ ಮೇಲೆ. ಅವರು ಬಂದು ಕೈ ಒರೆಸಿಕೊಂಡು ಕೂರುವುದಕ್ಕೂ ಬಿಡದೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಹಾಕಿಕೊಟ್ಟೆ. ಅವರು ಮೌಸಿನ ಗಾಲಿ ತಿರುಗಿಸುತ್ತ ಅಕ್ಕನ ಎದೆಯೊಳಗೆ ಇಳಿದರು. ನಾವು ಮೂವರೂ ಹಿಂದೆ ನಿಂತಿದ್ದೆವು. ಅವರು ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಅಲ್ಲೇ ಬಂದು ನಿಂತರು.

“ಇದೆಯಲ್ಲ,” ಎಂದರು. “ಇಲ್ನೋಡಿ. ಆಗ ಸುತ್ತಾ ಕೊರೊನಾ ಇದ್ದದ್ದಕ್ಕೆ ಕಣ್ಣಿಗೆ ಬಿದ್ದಿಲ್ಲ. ಇಷ್ಟೇ ಇದೆ. ಒಂಚೂರೂ ಬೆಳೆದಿಲ್ಲ.”

ಭಾವ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಅಕ್ಕ ಮಾತ್ರ ನಿಂತೇ ಇದ್ದಳು. “ಹಂಗಾದ್ರೆ ಕೊಯ್ಯಲ್ವಾ ಸಾರ್?” ಎಂದು ಎರಡು ಮೂರು ಸಲ ಕೇಳಿದಳು. ಚಿತ್ರಗಳನ್ನು ತುಮಕೂರಿಗೆ ಕಳಿಸಿ, ನಮ್ಮ ಡಾಕ್ಟರೇ ಅಲ್ಲಿಯ ಡಾಕ್ಟರಿಗೆ ಫೋನ್ ಮಾಡಿದರು. ಸೋಮವಾರ ಬರುವುದು ಬೇಡ, ಕೆಮ್ಮಿಗೆ ಬೇರೆ ಔಷಧಿ ಕೊಡೋಣ, ಆರು ತಿಂಗಳು ಬಿಟ್ಟು ಒಮ್ಮೆ ನೋಡೋಣ ಎಂದರಂತೆ. ಆಗ ಅಕ್ಕ ಅತ್ತಳು, ಆಮೇಲೆ ಡಬ್ಬಿ ತೆಗೆದು ತಣ್ಣಗಾದ ರಾಗಿರೊಟ್ಟಿಯನ್ನು ಮುರಿಮುರಿದು ತಿಂದಳು. “ಏನ್ ಚೆನ್ನಾಗೈತೆ ಕಣ್ರೀ ರೊಟ್ಟಿ!” ಎಂದು ಕೌಂಟರಿನವರನ್ನು ಹೊಗಳಿದಳು.

ಕೌಂಟರಿನವರು ನಗಲಿಲ್ಲ. ಬೆಳಿಗ್ಗೆಯಿಂದ ನನ್ನ ಬೈಗುಳ ತಿಂದು ಸುಮ್ಮನಿದ್ದವರು, ಅಕ್ಕ ಭಾವ ಬಸ್ಸಿಗೆ ಹೊರಟ ಮೇಲೆ ನನ್ನ ಹತ್ತಿರ ಬಂದು ನಿಂತರು.

“ಮೇಡಂ, ಹಂಗಾದ್ರೆ ಆವತ್ತಿನ ಅವರದ್ದು?”

ನನಗೆ ತಕ್ಷಣ ಅರ್ಥವಾಯಿತು. ಅರ್ಥವಾದ ಕೂಡಲೇ, ಬೆಳಗಿನಿಂದ ಪಟ್ಟ ಹೆದರಿಕೆಯೆಲ್ಲ ಏನೂ ಅಲ್ಲ ಅನ್ನಿಸಿತು.

ದೀಪಾವಳಿ ಕಳೆದ ಮೇಲೆ ಒಬ್ಬ ಬಂದಿದ್ದ. ಅಮ್ಮಸಂದ್ರದ ಕಡೆ, ಕೌಂಟರಿನವರ ತವರಿನ ಪಕ್ಕದ ಊರು. ಮರ ಹತ್ತಿ ಕಾಯಿ ಕೀಳುವ ಕೆಲಸದವನು, ಕಾಲಿನ ಹರಡಿನಲ್ಲಿ ಮರ ಹತ್ತುವ ಹಗ್ಗದ ತಳೆ ಹಾಕಿ ಹಾಕಿ ಗಟ್ಟಿಯಾದ ಚರ್ಮ. ಎದೆಯಲ್ಲಿ ಬಲಗಡೆ ಗಂಟಿದೆಯಂತೆ, ಕೊರೊನಾದಲ್ಲಿ ಇಲ್ಲೇ ಸ್ಕ್ಯಾನ್ ಮಾಡಿಸಿದ್ದೆ, ಅದು ಬೇಕು ಎಂದು ಕೇಳಿದ. ಅವನ ನಂಬರಿಗೂ ‘ದಾಖಲೆ ಇಲ್ಲ’ ಎಂದು ಬಂತು. ಕೌಂಟರಿನವರು ನನ್ನನ್ನು ಕರೆದರು. ನಾನು ನಿಂತುಕೊಂಡೇ ಒಂದು ಸಲ ಒತ್ತಿ ನೋಡಿದೆ. ಆತ ಎರಡು ಎಳನೀರು ತಂದು ಮೇಜಿನ ಮೇಲಿಟ್ಟು, “ಇನ್ನೊಂದ್ ಕಿತ ನೋಡಿ ಅಮ್ಮ,” ಎಂದ. ನನಗೆ ಆ ಎಳನೀರು ಕಂಡು ರೇಗಿತು. “ಇಲ್ಲ ಅಂದ್ರೆ ಇಲ್ಲ ಕಣಪ್ಪ. ಮಿಷನ್ನು ಸುಳ್ಳು ಹೇಳುತ್ತಾ?” ಎಂದೆ. “ನೀವು ಹೇಳಿದ್ಮೇಲೆ ಆಯ್ತು ಬುಡಿ,” ಎಂದು ಆತ ಕೈಮುಗಿದು ಹೋದ. ಎಳನೀರನ್ನು ಅಲ್ಲೇ ಬಿಟ್ಟು ಹೋಗಿದ್ದ. ಮೂಟೆ ಪೂರ್ತಿ ಓದಿಸುವ ದಾರಿ ಅವತ್ತೂ ನನಗೆ ಗೊತ್ತಿತ್ತು.

ಕೌಂಟರಿನವರು ಆತನ ಹೆಸರು ಹೇಳಿದರು. ಆಜ್ಞೆ ಬರೆದು ಒತ್ತಿದೆ. ದೇವರೇ, ಇರದೇ ಇರಲಿ ಎಂದುಕೊಂಡೆ. ನಿಜವಾಗಿ ಹಾಗೆ ಬೇಡಿಕೊಂಡೆ. ಒಂದು ಸ್ಕ್ಯಾನ್ ಕಳೆದುಹೋಗಲಿ ಎಂದು ಅವತ್ತೊಂದು ಸಲ ಬೇಡಿಕೊಂಡಿದ್ದೇನೆ. ಮೂಟೆ ಬಿಚ್ಚಿಕೊಂಡು ಆತನ ಸ್ಕ್ಯಾನ್ ಹೊರಗೆ ಬಂತು. ಡಾಕ್ಟರಿಗೆ ತೋರಿಸಿದೆ. “ಬಲಗಡೆ ತಾನೇ? ಇದೆ. ಹಳೇ ಗಾಯದ ಗುರುತಿನ ಹಾಗಿದೆ. ಯಾಕೆ?” ಎಂದರು. ಯಾಕೆ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಕೌಂಟರಿನವರು ತವರಿನ ತಮ್ಮನಿಗೆ ಫೋನ್ ಮಾಡಿ ಆತನ ನಂಬರು ತರಿಸಿದರು. “ನಾನು ಮಾಡ್ಲಾ?” ಎಂದರು. ಬೇಡ ಎಂದೆ.

ಆ ಕಡೆ ಫೋನಿನ ಗಂಟೆ ಹೊಡೆಯುತ್ತಿದ್ದಾಗ, ಎತ್ತದಿರಲಿ ಎಂದು ಆಸೆಯಾಯಿತು. ಆತನೇ ಎತ್ತಿದ.

“ತಿಪಟೂರಿನ ಸ್ಕ್ಯಾನಿಂಗ್ ಸೆಂಟರಿಂದ ಮಾತಾಡ್ತಿರೋದು. ದೀಪಾವಳಿ ಆದ್ಮೇಲೆ ಹಳೇ ಸ್ಕ್ಯಾನ್ ಕೇಳ್ಕೊಂಡು ಬಂದಿದ್ರಲ್ಲ…”

“ಓ, ನೀವಾ ಅಮ್ಮಾ! ಚೆಂದಾಗಿದೀರಾ?” ದನಿ ಸಣ್ಣಗಿತ್ತು. ನಡುನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ. “ಆಪ್ರೇಷನ್ ಆಯ್ತು ಕಣಮ್ಮ, ಸಂಕ್ರಾಂತಿ ಮುಂದೆ. ಬಲಗಡೇದು ಒಂದು ಭಾಗ ತೆಗೆದ್ರು. ತೆಗೆದು ಟೆಸ್ಟಿಗೆ ಕಳಿಸಿದ್ರೆ ಏನೂ ಇಲ್ವಂತೆ! ಯಾವ್ದೋ ಕಾಲದ ಟೀಬಿ ಗುರುತಂತೆ. ದೇವ್ರು ದೊಡ್ಡೋನು ಕಣಮ್ಮ.”

ಪರದೆಯ ಮೇಲೆ ತೆರೆದಿದ್ದ ಆತನ ಸ್ಕ್ಯಾನನ್ನು ನಾನು ಮುಚ್ಚಿದೆ, ಆತ ಮುಂದುವರಿಸಿದ.

“ಮರ ಹತ್ತಬ್ಯಾಡ ಅಂದವ್ರೆ, ಅದೊಂದೇಯ. ಹತ್ತ್‌ತೀನಿ ಅಂದ್ರೂ ಆಗಕಿಲ್ಲ, ನಾಕ್ ಹೆಜ್ಜೆಗೇ ದಮ್ಮು ಕಟ್ತದೆ. ಮಗಳ ಮನೇಲಿ ಕುಂತಿವ್ನಿ. ನೀವ್ಯಾಕೆ ಫೋನ್ ಮಾಡಿದ್ರಿ?”

ಹೇಗಿದ್ದೀರಿ ಎಂದು ಕೇಳಲು ಮಾಡಿದೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಕೌಂಟರಿನವರು ಎದುರಿಗೇ ನಿಂತು ನನ್ನ ಬಾಯಿ ನೋಡುತ್ತಿದ್ದರು.

“ನಿಮ್ಮ ಹಳೇ ಸ್ಕ್ಯಾನ್ ಸಿಕ್ತು,” ಎಂದೆ.

“ಸಿಕ್ತಾ? ಎಲ್ಲಿತ್ತು?”

“ಇಲ್ಲೇ. ನಮ್ಮ ಕಂಪ್ಯೂಟರಲ್ಲೇ. ತೆಗೆಯೋದ್ರಲ್ಲಿ ನಮ್ಮಿಂದ ತಪ್ಪಾಗಿತ್ತು.”

ಆ ಕಡೆ ಟಿವಿ ಹಾಡುತ್ತಿತ್ತು. ಯಾರೋ ಅದರ ಸದ್ದು ತಗ್ಗಿಸಿದರು.

“ಅದ್ರಾಗೂ ಗಂಟಿತ್ತಾ?”

“ಇತ್ತು.”

ಸಿಟ್ಟಿಲ್ಲದೆ, ತಿಳಿದುಕೊಳ್ಳುವವನ ಹಾಗೆ ಆತ ಕೇಳಿದ.

“ನಾ ಬಂದ್ ದಿವ್ಸಾನೂ ಅದು ಅಲ್ಲೇ ಇತ್ತಾ ಅಮ್ಮ?”

“ಇತ್ತು,” ಎಂದೆ.

ಆತ ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಆತ ಉಸಿರು ಎಳೆದುಕೊಳ್ಳುವುದು ಕೇಳುತ್ತಿತ್ತು.